ನನ್ನ ಬಲಗಾಲಿನ ಮೇಲೆ ನನಗೇ ಸಿಟ್ಟು

ಮನುಷ್ಯನಿಗೆ ಸರ್ಕಾರದ ಮೇಲೆ, ಸಂಬಂಧಿಕರ ಮೇಲೆ, ತಡವಾಗಿ ಬರುವ ರೈಲಿನ ಮೇಲೆ ಸಿಟ್ಟು ಬರುವುದುಂಟು. ನನಗೆ ಬಂದಿರುವುದು ನನ್ನ ಬಲಗಾಲಿನ ಮೇಲೆ. ಹುಟ್ಟುವಾಗ ನಾನು ತಲೆಯ ಬದಲು ಕಾಲು ಮುಂದಾಗಿ ಬಂದೆನಂತೆ. ಹಾಗೆ ಹುಟ್ಟಿದವರು ಮೆಲ್ಲಗೆ ಒದ್ದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹೀಗಾಗಿ ಅರಸೀಕೆರೆಯ ನಮ್ಮ ಬೀದಿಯವರಿಗೆ ನನ್ನ ಜೆರಾಕ್ಸ್ ಅಂಗಡಿಗಿಂತ ನನ್ನ ಕಾಲಿನ ಮೇಲೆ ವಿಶ್ವಾಸ ಹೆಚ್ಚು. ಮಾತಿಗೆ ಇಲ್ಲದ ಬೆಲೆ ಕಾಲಿಗಾದರೂ ಇದೆಯಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಆ ಜಂಬಕ್ಕಿಷ್ಟು ಬೆಂಕಿ ಹಾಕ.

ಅಕ್ಕನ ಗಂಡ ಮಹಾಲಿಂಗಪ್ಪ ಭಾವ ಕೊಬ್ಬರಿ ವ್ಯಾಪಾರಿ. ಒಂದು ಬೆಳಿಗ್ಗೆ ಅಂಗಡಿಗೆ ಬಂದು, "ಮೂಟೆ ಎತ್ತಿ ಬೆನ್ನು ಉಳುಕೈತೆ ಕಣೋ ರುದ್ರೇಶ. ಎಡಭುಜ ಸೆಳೀತೈತೆ, ದವಡೆಗಂಟ ಬತ್ತೈತೆ. ಒಂದ್ಸಲ ಒದ್ದುಬಿಡು," ಎಂದರು. ಆ ಚಳಿಯಲ್ಲೂ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಚಾಪೆ ಹಾಸಿ ಬೋರಲು ಮಲಗಿಸಿ ಮೂರು ಸಲ ಕಾಲು ತಾಕಿಸಿದೆ. ಹತ್ತು ನಿಮಿಷ ಹಾಗೇ ಮಲಗಿದ್ದರು, ನೋವು ಹೋಯಿತು. ಮರುವಾರ ಮತ್ತೆ ಬಂದರು, ಅದರ ಮರುವಾರವೂ ಬಂದರು. ರೈಲ್ವೆ ಮೇಲ್ಸೇತುವೆಯ ಮೆಟ್ಟಿಲು ಹತ್ತಿದರೆ ಬರುವ ನೋವು ನನ್ನ ಚಾಪೆಯ ಮೇಲೆ ಹೋಗುತ್ತಿತ್ತು.

ನನ್ನ ಹೆಂಡತಿ ಗಿರಿಜೆ ಒಂದು ದಿನ, "ನಡೆದ್ರೆ ಬರುತ್ತೆ, ಮಲಗಿದ್ರೆ ಹೋಗುತ್ತೆ ಅಂದ್ರೆ ಅದು ಉಳುಕಾ? ಹಾರ್ಟ್ ಡಾಕ್ಟ್ರಿಗೆ ತೋರಿಸ್ಬೇಕು ಕಣ್ರೀ," ಎಂದಳು. "ನಿಂಗೇನು ಗೊತ್ತು, ಸುಮ್ನಿರು," ಎಂದು ಗದರಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾಲ್ಕನೆಯ ವಾರ ಚಾಪೆಯ ಮೇಲೆ ಮಲಗಿದ ಭಾವ ಏಳಲಿಲ್ಲ. ಹಾಸನದ ಆಸ್ಪತ್ರೆಗೆ ಸಾಗಿಸಿದೆವು. ಹೃದಯದ ರಕ್ತನಾಳ ಎರಡು ಕಡೆ ಕಟ್ಟಿಕೊಂಡಿತ್ತಂತೆ. ಸ್ಟೆಂಟ್ ಹಾಕಿ ಉಳಿಸಿದ ಡಾಕ್ಟರು, "ಇಷ್ಟು ದಿನ ಯಾರ ಹತ್ರ ತೋರಿಸ್ತಿದ್ರಿ?" ಎಂದು ಕೇಳಿದರು. ಅಕ್ಕ ನನ್ನ ಕಾಲು ನೋಡಿದಳು. ನಾನು ಅದನ್ನು ಬೆಂಚಿನ ಕೆಳಗೆ ಎಳೆದುಕೊಂಡೆ.

ಮನೆಗೆ ಬಂದ ಭಾವ ಸುಮ್ಮನಿರಬಾರದೆ? ನೋಡಲು ಬಂದವರಿಗೆಲ್ಲ, "ಇವನು ಒದ್ದಿದ್ದಕ್ಕೇ ಅಷ್ಟು ದಿನ ತಡ್ಕಂಡಿದ್ದು," ಎನ್ನತೊಡಗಿದರು. ನಾನು ಕೆಂಡಾಮಂಡಲವಾದೆ. "ಭಾವ, ನೋವು ಹೋಗ್ತಿದ್ದಿದ್ದು ನನ್ನ ಕಾಲಿಂದಲ್ಲ, ನೀವು ಮಲಗಿದ್ದಕ್ಕೆ. ಇನ್ಮೇಲೆ ಭುಜ ಸೆಳೀತು, ಬೆವರು ಬಂತು ಅಂತ ಯಾರಾದ್ರೂ ನನ್ನ ಹತ್ರ ಬಂದ್ರೆ ನಿಜವಾಗ್ಲೂ ಒದೀತೀನಿ," ಎಂದು ಕೂಗಾಡಿ ಹೊರಟೆ.

ಅದೇ ಸಿಟ್ಟಿನಲ್ಲಿ ಮೇಲ್ಸೇತುವೆ ಹತ್ತುತ್ತಿದ್ದೆ. ಅರ್ಧಕ್ಕೆ ಎದೆ ಹಿಡಿದಂತಾಯಿತು, ಎಡತೋಳು ಸೆಳೆಯಿತು. ಕಂಬಿ ಹಿಡಿದು ನಿಂತೆ. ಎರಡು ನಿಮಿಷಕ್ಕೆ ಕಡಿಮೆಯಾಯಿತು. ಗಿರಿಜೆಗೆ ಫೋನ್ ಮಾಡಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಆಮೇಲೆ. ಊರಿಗೆಲ್ಲ ಪಾಠ ಹೇಳಿ ಬಂದ ಈ ಮಹಾನುಭಾವ ಮೊದಲು ಯೋಚಿಸಿದ್ದು, ಅರಸೀಕೆರೆಯಲ್ಲಿ ಕಾಲು ಮುಂದಾಗಿ ಹುಟ್ಟಿದವರು ನನ್ನನ್ನು ಬಿಟ್ಟರೆ ಇನ್ನು ಯಾರಿದ್ದಾರೆ ಎಂದು.