ಗಡ್ಡಿಗೆ ಉಪಾಸ, ಡಾಕ್ಟರಿಗೆ ತೂಕ

ಶಂಭುಲಿಂಗ: ಹತ್ತ್ ಅಂದ್ರ ಹತ್ತು! ತೂಕದ ಮಷೀನ್ ಮುಂದ ನಿಂತು ವಾದ ಮಾಡ್ತಾರೇನು?

ಈರವ್ವ: ಹತ್ತೂದಿಲ್ರೀ. ಸೊಂಟ ಕಿತ್ತು ಬರಾಕತ್ತೈತಿ. ಸಂಚ್ಯಾಗ ಎಲಿ-ಅಡಿಕಿ ಇಟ್ಕೊಳ್ಳೋ ಹೆಂಗಸರನ್ನ ನೋಡೇನಿ. ತೂಕದ ಕಲ್ಲು ಇಟ್ಕೊಂಡಾಕಿ ನಾನ ಮೊದಲ್ನೇಕಿ!

ಶಂಭುಲಿಂಗ: ಮೆಲ್ಲಗ! ಸಿಸ್ಟರ್ ಕೇಳ್ಯಾಳು.

ಹುಬ್ಬಳ್ಳಿಯ ಒಂದು ಆಸ್ಪತ್ರೆ. ಈರವ್ವನ ಎದೆಯಲ್ಲಿ ಗಡ್ಡೆ. ಇವತ್ತು ಎರಡನೇ ಕಿಮೋ. ತೂಕ ಇಳಿದರೆ ಔಷಧ ಕೊಡುವುದಿಲ್ಲವೆಂದು ಡಾಕ್ಟರು ಹೋದ ಸಲವೇ ಎಚ್ಚರಿಸಿದ್ದರು. ಇಳಿದಿತ್ತು, ಗಡ್ಡೆಯಿಂದಲ್ಲ, ಗಂಡನಿಂದ. ಹತ್ತಿ ದಲಾಲಿ ಶಂಭುಲಿಂಗ ಧಾರವಾಡದಲ್ಲಿ ಒಂದು ವಿಜ್ಞಾನ ಉಪನ್ಯಾಸಕ್ಕೆ ಹೋಗಿ, ಅರ್ಧ ಕೇಳಿ, ಪೂರ್ತಿ ಪಂಡಿತನಾಗಿ ಮರಳಿದ್ದ. ಅರ್ಧ ತಿಳಿದವನ ಕೈಗೆ ಸಿಕ್ಕ ವಿಜ್ಞಾನ ಮೊದಲು ಹೆಂಡತಿಯ ಊಟದ ಗಂಗಾಳವನ್ನೇ ಹುಡುಕಿಕೊಂಡು ಬರುತ್ತದೆ.

ಈರವ್ವ: ಮೂರು ವಾರ ಆತು, ರೊಟ್ಟಿ ಮುಖಾನ ನೋಡಿಲ್ಲ. ಬರೇ ತಿಳಿ ಗಂಜಿ!

ಶಂಭುಲಿಂಗ: ನ್ಯಾನೋ ಅಂದ್ರ ಏನಂತ ಗೊತ್ತೈತೇನ ನಿನಗ? ಕೂದಲೆಳಿಗಿಂತ ನೂರಾರು ಪಾಲು ಸಣ್ಣ ಕಣ. ರಕ್ತದಾಗ ಬಿಡ್ತಾರ. ಸೀದಾ ಗಡ್ಡಿ ಹುಡುಕ್ಕೊಂಡು ಹೋಗಿ, ಅದಕ್ಕ ರಕ್ತ ಮುಟ್ಟಸೋ ನಾಳ ಬಂದ್ ಮಾಡ್ತಾವ. ಗಡ್ಡಿ ಹಸದು ಸಾಯ್ತೈತಿ!

ಈರವ್ವ: ಅವು ಬಂದ್ ಮಾಡೋದು ಗಡ್ಡಿ ನಾಳ. ನೀವು ಬಂದ್ ಮಾಡಿದ್ದು ನನ್ನ ಬಾಯಿ.

ಶಂಭುಲಿಂಗ: ಎಲ್ಲಾ ಒಂದ! ರಕ್ತ ಎಲ್ಲಿಂದ ಬರ್ತೈತಿ? ಊಟದಿಂದ. ಮ್ಯಾಲಿನ ಕಾಲುವಿ ಕಟ್ಟಿದ್ರ ಕೆಳಗಿನ ಹೊಲ ತಾನ ಒಣಗ್ತೈತಿ.

ಈರವ್ವ: ಆ ಹೊಲ ನಾನರೀ!

ಹಸಿವಿಗೆ ಈರವ್ವನ ಕಣ್ಣು ಕತ್ತಲಿಟ್ಟಿತು. ಆಸ್ಪತ್ರೆಯ ಫಿನಾಯಿಲ್ ಕೂಡ ಅವಳಿಗೆ ಒಗ್ಗರಣೆಯಂತೆ ಘಮಘಮಿಸುತ್ತಿತ್ತು. ಅಷ್ಟರಲ್ಲಿ ನರ್ಸ್ ಡೋರಾ ಬಂದಳು. ಬೇರೆ ದಾರಿಯಿಲ್ಲದೆ ಈರವ್ವ ಮಷೀನು ಹತ್ತಿದಳು.

ಡೋರಾ: ಐವತ್ತು! ಛಲೋ ಆತ್ರೀ ಅಕ್ಕಾರ, ಹೋದ ಸಲದಷ್ಟ ಐತಿ. ಆದ್ರ ಮಾರಿ ಯಾಕಿಷ್ಟು ಬತ್ತೈತಿ?

ಶಂಭುಲಿಂಗ: ಬಿಸಲ್ರೀ ಸಿಸ್ಟರ್, ಬಿಸಲು.

ಡೋರಾ: ಇರ್ಲಿ. ಈ ತೂಕದ ಮ್ಯಾಲೇನ ಔಷಧದ ಅಳತಿ ಹಿಡೀತಾರ.

ಈರವ್ವ: ಅಂದ್ರ ನೀ ಬರಕೊಂಡ ತೂಕಕ್ಕ ತಕ್ಕಷ್ಟು ಔಷಧ ನನ್ನ ಮೈಯಾಗ ಹೋಗ್ತೈತೇನವಾ?

ಡೋರಾ: ಹೌದ್ರೀ. ಹೆಚ್ಚಾತಂದ್ರ ಮೈ ತಡ್ಯಾಂಗಿಲ್ಲ.

ಶಂಭುಲಿಂಗ ಕೆಮ್ಮಿದ. ಈರವ್ವನ ಕೈ ಸೆರಗಿನಡಿ ಹೋಗಿ ಸಂಚಿಯ ದಾರ ಬಿಚ್ಚಿತು. ಎರಡು ಕಿಲೋದ ಕಬ್ಬಿಣದ ತೂಕದ ಕಲ್ಲೊಂದು ಮೇಜಿನ ಮೇಲೆ ಧಡ್! ಅದರ ಹಿಂದೆ ಇನ್ನೊಂದು ಧಡ್! ಮಷೀನು ನಲವತ್ತಾರಕ್ಕೆ ಇಳಿಯಿತು.

ಈರವ್ವ: ಕಬ್ಬಿಣಕ್ಕ ಕ್ಯಾನ್ಸರ್ ಆಗಿಲ್ಲವ್ವಾ. ಅದಕ್ಕ ಔಷಧ ಬ್ಯಾಡ.

ಡೋರಾ: ಅಣ್ಣಾರ! ಇದೇನ್ರೀ ಇದು?

ಶಂಭುಲಿಂಗ: ಅದು... ಗಡ್ಡಿಗೆ ಉಪಾಸ, ಡಾಕ್ಟರಿಗೆ ತೂಕ, ಇಬ್ಬರೂ ಸಮಾಧಾನ ಅಂತ... ನಮ್ಮ ಬಜಾರದಾಗ ಹತ್ತಿ ಮೂಟಿಗೆ ನೀರು ಹೊಡದು ತೂಕ ಏರಸ್ತಾರ್ರೀ. ಯಾರೂ ಸತ್ತಿಲ್ಲ!

ಡೋರಾ: ಹತ್ತಿಗೆ ಯಾರೂ ಸಲಾಯಿನ್ ಹಚ್ಚೂದಿಲ್ರೀ! ಉಪಾಸ ಹಾಕಿದ್ರ ಮೊದಲ ಸೊರಗೋದು ಮೈ. ಗಡ್ಡಿ ಮೈಯಾಗಿಂದ ಕಸಗೊಂಡು ತಿಂತೈತಿ.

ಶಂಭುಲಿಂಗ: ಹಂಗಾದ್ರ ಆ ನ್ಯಾನೋನ ಕೊಡ್ರಲ್ಲ!

ಡೋರಾ: ನಮ್ಮಲ್ಲಿ ಎಲ್ಲೈತ್ರೀ? ಅದನ್ನಿನ್ನೂ ಇಲಿಗಳ ಮ್ಯಾಲೆ ನೋಡಾಕತ್ತಾರ. ಉಪನ್ಯಾಸದಾಗ ಹೇಳ್ಲಿಲ್ಲೇನು?

ಶಂಭುಲಿಂಗ: ಹೇಳಿರಬೇಕ್ರೀ... ಅಷ್ಟೊತ್ತಿಗೆ ನಾ ಹೊರಗ ಗೋಧಿ ಹುಗ್ಗಿ ಊಟದ ಪಾಳ್ಯಾಗ ನಿಂತಿದ್ದೆ.

ಈರವ್ವ: ಶಿವನ! ಹುಗ್ಗಿ ಉಂಡು ಬಂದು ನನಗ ಉಪಾಸ ಹೇಳಿದ್ರೇನ್ರೀ?

ಶಂಭುಲಿಂಗ: ಕೆಟ್ಟ ಆಗ್ಲಿ ಅಂತ ಮಾಡಿದ್ನೇನ? ಅಂಜಿಕಿ ಐತಿ ನನಗ. ಸುಮ್ನ ಕುಂತು ನೋಡಾಕ ಆಗೂದಿಲ್ಲ. ನಾನೂ ಏನರ ಮಾಡಬೇಕಲ್ಲ!

ಅವನ ದನಿ ಒಡೆದಿತ್ತು. ಈರವ್ವನ ಕರುಳು ಚುರ್ ಎಂದಿತು. ಆದರೆ ಆ ಕರುಳು ಖಾಲಿಯಿತ್ತು.

ಈರವ್ವ: ಅಂಜಿಕಿ ನಿಮ್ದು, ಉಪಾಸ ನಂದು. ಯಾವೂರ ನ್ಯಾಯರೀ ಇದು?

ಡೋರಾ ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು.

ಡೋರಾ: ಇವತ್ತು ಔಷಧ ಇಲ್ರೀ. ವಾರ ಮುಂದ ಹಾಕ್ಯಾರ. ಹಾಲು, ಬ್ಯಾಳಿ, ಶೇಂಗಾ, ರೊಟ್ಟಿ, ಹೊಟ್ಟಿ ತುಂಬ ಉಣ್ಣಸ್ರಿ. ಮೈ ಹಿಡದ ಮ್ಯಾಲೇನ ಮುಂದಿನ ಮಾತು.

ಒಂದು ವಾರ ಗಡ್ಡೆಗೆ ಪುಕ್ಕಟೆ ಸಿಕ್ಕಿತು. ಈರವ್ವ ಎದೆ ಮುಟ್ಟಿಕೊಂಡಳು.

ಈರವ್ವ: ಡೋರವ್ವಾ, ಆ ಇಲಿಗೋಳಿಗೆ ಉಣ್ಣಾಕ ಹಾಕ್ತಾರೇನ?

ಡೋರಾ: ಹೊತ್ತೊತ್ತಿಗೆ ಹಾಕ್ತಾರ್ರೀ. ತೂಕಾ ನೋಡಿ ಬರದಿಡ್ತಾರ. ಇಲಿ ಸೊರಗಿತಂದ್ರ ಯಾಕ ಸೊರಗ್ತು ಅಂತ ಮ್ಯಾಲಿನವ್ರು ಜವಾಬು ಕೇಳ್ತಾರಂತ.

ಈರವ್ವ ಗಂಡನ ಕಡೆ ತಿರುಗಿದಳು.

ಈರವ್ವ: ಕೇಳಿದ್ರೇನ್ರೀ? ಇನ್ಮ್ಯಾಲೆ ಮಂದಿ ಮುಂದ ನನ್ನ ಹೇಂತಿ ಅನಬ್ಯಾಡ್ರಿ, ಇಲಿ ಅನ್ರಿ. ಎರಡು ರೊಟ್ಟಿನೂ ಸಿಗ್ತಾವ, ಕೇಳವ್ರೂ ಇರ್ತಾರ.