ಕಾಲಜ್ಞಾನಿಯ ಮಾತು ಕೇಳೋರ್ಯಾರು?

ನಾಟಕದೊಳಗಿನ ಜನ ನನ್ನ ಮಾತು ನಂಬುವುದಿಲ್ಲ. ಹಾಗೆ ಬರೆದಿದೆ, ಇರಲಿ. ನಾಟಕದ ಹೊರಗೂ ಇದೇ ಗತಿಯಾದರೆ ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ. ನಾನು ಬೆಟಗೇರಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ವೈರಿಗಳು ನಗರಕ್ಕೆ ಮುತ್ತಿಗೆ ಹಾಕಿದ್ದಾರೆ. ಒಳಗೆ ಕ್ರಾಂತಿಕಾರಿಗಳು ಅರಸನ ಮೇಲೆ ತಿರುಗಿಬಿದ್ದಿದ್ದಾರೆ. ‘ಈ ನಗರ ಉಳಿಯದು’ ಎಂದು ಸಾರುತ್ತ ಅಲೆಯುವ ಮುದುಕಿ ಕಾಲಜ್ಞಾನಿ ನಾನು. ಈ ವೇಷ ಹಾಕಿದಾಗೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಲಕ್ಷ್ಮೇಶ್ವರ

ನಾಟಕ ಮುಗಿಸಿ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಯಳವತ್ತಿಯ ಹಿರಿಯರೊಬ್ಬರು ಒಳಗೆ ಬಂದು ಕೈಮುಗಿದರು.

“ಅವ್ವಾರ, ನಮ್ಮ ಹುಡುಗಿಗೆ ಯಾವಾಗ ಕಂಕಣ ಕೂಡಿಬರತೈತಿ?”

“ಯಜಮಾನ್ರ, ಅದು ಬರೇ ಪಾರ್ಟ್ ರೀ! ನಾ ಶಾಲ್ಯಾಗ ಲೆಕ್ಕ ಕಲಸಾಕಿ.”

ಅವರ ಮುಖ ಅರಳಿತು. “ಲೆಕ್ಕಾನೂ ಬರತೈತಿ? ಹಂಗಾರ ಜಾತಕಾ ತರತೀನಿ, ಇಲ್ಲೇ ಕುಂಡ್ರಿ!”

ಶಿರಹಟ್ಟಿ

ಇಲ್ಲಿ ಪುಢಾರಿಯೊಬ್ಬರು ಮುಖ್ಯ ಅತಿಥಿಯಾಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಸಂಘಟಕರು ಬೆವರು ಒರೆಸಿಕೊಳ್ಳುತ್ತ ಒಳಗೆ ಓಡಿಬಂದರು.

“‘ಅರಸನಿಗೆ ಧಿಕ್ಕಾರ’ ಅನ್ನೂದು ತಗದಬಿಡ್ರಿ. ಸಾಹೇಬ್ರು ತಪ್ಪು ತಿಳಕೋತಾರ.”

“ಮತ್ತ ಕ್ರಾಂತಿಕಾರಿಗಳು ಅರಸಗ ಆರತಿ ಬೆಳಗಬೇಕೇನ್ರಿ?” ಎಂದು ರೇಗಿದೆ.

“ಕ್ರಾಂತಿ ಬ್ಯಾಡ ಅಂತ ಯಾರಂದ್ರು ಮೇಡಂ? ಸಣ್ಣ ದನಿಯೊಳಗ ಮಾಡ್ರಿ.”

ನಮ್ಮ ಕ್ರಾಂತಿಕಾರಿಗಳು ಧಿಕ್ಕಾರವನ್ನು ಪಿಸುಗುಟ್ಟಿದರು. “ಕೇಳವಲ್ದು! ಜೋರಾಗಿ ಒದರ್ರಿ!” ಎಂದು ಜನರ ಹಿಂದಿನ ಸಾಲಿನಿಂದ ಕೂಗೆದ್ದಿತು. ನಮ್ಮವರಿಗೂ ರೋಷ ಬಂದು, ಪೆಂಡಾಲು ಹಾರುವಂತೆ ಧಿಕ್ಕಾರ ಕೂಗಿದರು. ಜನವೂ ದನಿಗೂಡಿಸಿತು. ಸಾಹೇಬರಿಗೆ ಬರೀ ಗದ್ದಲ ಕೇಳಿಸಿತೋ ಏನೋ, ರೂಢಿಯಂತೆ ಎದ್ದು, ಹಿಂದೆ ತಿರುಗಿ, ಎಲ್ಲರಿಗೂ ಕೈಮುಗಿದರು.

ಮುಂಡರಗಿ

ಇದನ್ನು ಮಾತ್ರ ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ. ಬಿದಿರು, ಬಟ್ಟೆಯ ಕೋಟೆಗೋಡೆಯನ್ನು ಹಿಂದಿನಿಂದ ಹಗ್ಗ ಬಿಗಿದು ನಿಲ್ಲಿಸಿದ್ದರು. ನಡುದೃಶ್ಯದಲ್ಲಿ ಹಗ್ಗ ಬಿಚ್ಚಿಕೊಳ್ಳುತ್ತಿರುವುದು ನನಗೆ ಕಂಡಿತು. ಅದರ ಕೆಳಗೇ ಅರಸ ನಿಂತಿದ್ದ. ಆ ಪಾರ್ಟ್ ಮಾಡುತ್ತಿದ್ದವರು ಬ್ಯಾಂಕ್ ಮ್ಯಾನೇಜರು.

“ಗ್ವಾಡಿ ಬೀಳಾಕತ್ತೈತಿ, ಸರೀರಿ!” ಎಂದು ಚೀರಿದೆ.

“ಈ ಹುಚ್ಚಿಯ ಮಾತಿಗೆ ಯಾರೂ ಕಿವಿಗೊಡಬೇಡಿ!” ಅರಸ ಗರ್ಜಿಸಿದ.

“ಸಾಹೇಬ್ರ, ಖರೇನ ಬೀಳತೈತ್ರಿ!”

ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವವರು ಹಲ್ಲು ಕಡಿದರು: “ಮೇಡಂ, ಅದು ಪಾರ್ಟಿನ್ಯಾಗ ಇಲ್ರಿ!”

“ಈ ಕೋಟೆ ಅಜರಾಮರ!” ಎಂದು ಅರಸ ಕತ್ತಿ ಎತ್ತಿದ. ಗೋಡೆ ಧಡ್ ಎಂದು ಅವರ ಮೇಲೆಯೇ ಬಿತ್ತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾನು ಅವರತ್ತ ಓಡಿದೆ. ಪುಣ್ಯಕ್ಕೆ ಅವರ ತಲೆ ಆ ಗೋಡೆಯ ಕಿಟಕಿಯ ಕಿಂಡಿಯಲ್ಲಿ ತೂರಿಕೊಂಡಿತ್ತು, ಪೆಟ್ಟಾಗಿರಲಿಲ್ಲ. ಕಿರೀಟ ಸರಿಪಡಿಸಿಕೊಳ್ಳುತ್ತ ಅವರು ನನ್ನನ್ನೇ ಕೆಕ್ಕರಿಸಿ ನೋಡಿದರು.

“ಏನ್ ಮೇಡಂ ನೀವು, ಮೊದಲ ಒಂದ್ ಮಾತು ಹೇಳಬಾರದೇನ್ರಿ?”