ಸಕ್ಕರೆ ಗಿಳಿಗೊಂದು ಫಿಕ್ಸ್ಚರ್

ಕೆತ್ತುವವರಿಗೆ ಸಿಗುವ ಹೆಸರು ಹಿಡಿಯುವವರಿಗೆ ಸಿಗುವುದಿಲ್ಲ. ಕ್ಷೌರದಂಗಡಿಯಲ್ಲೇ ನೋಡಿ, ಕತ್ತರಿಯ ಚಮತ್ಕಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ತಲೆ ಅಲುಗದಂತೆ ಒತ್ತಿ ಹಿಡಿದಿರುವ ಎಡಗೈಯ ಎರಡು ಬೆರಳುಗಳನ್ನು ಯಾರೂ ಗಮನಿಸುವುದಿಲ್ಲ. ನಾನು ಆ ಎಡಗೈ ಜಾತಿಯವನು. ಶಿಕಾರಿಪುರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪಿದೆ. ಕಬ್ಬಿಣ ಕೆತ್ತುವ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಮಿಲ್ಲಿಂಗ್ ಮಿಷನ್ನಿನಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಗಳ ಬಿಡಿಭಾಗ ಮಾಡುತ್ತೇನೆ. ಬಂದವರೆಲ್ಲ ಗಾಜಿನೊಳಗೆ ಇಣುಕಿ, "ಎಲ್ಲಾ ಕಂಪ್ಯೂಟರೇ ಮಾಡ್ತತಿ ಅಂದ್ಮೇಲೆ ನಿಮಗೇನ್ರೀ ಕೆಲಸ?" ಅನ್ನುತ್ತಾರೆ. "ಹಿಡಿಯೋದು" ಅನ್ನುತ್ತೇನೆ. ಅವರು ನಗುತ್ತಾರೆ. ಆದರೆ ಕೆತ್ತಬೇಕಾದ ವಸ್ತುವನ್ನು ವೈಸಿನ ಕಬ್ಬಿಣದ ದವಡೆಗೆ ಕೊಡಬೇಕೋ, ಮೇಲಿನಿಂದ ಕ್ಲ್ಯಾಂಪ್ ಹಾಕಿ ಒತ್ತಬೇಕೋ ಎನ್ನುವುದನ್ನು ಇವತ್ತಿಗೂ ಮನುಷ್ಯನೇ ಯೋಚಿಸಬೇಕು. ಸಡಿಲ ಬಿಟ್ಟರೆ ಅದು ಹಾರಿ ಬಂದು ಮೂಗಿಗೆ ಬಡಿಯುತ್ತದೆ. ಬಿಗಿ ಮಾಡಿದರೆ ತೆಳುವಾದದ್ದು ಒಳಗೊಳಗೇ ಬಾಗುತ್ತದೆ. ವೈಸಿನಲ್ಲಿರುವಷ್ಟು ಹೊತ್ತು ಅಳತೆಯೆಲ್ಲ ಸರಿ, ಬಿಚ್ಚಿದ ತಕ್ಷಣ ಸೊಟ್ಟ. ಈ ವಿಷಯದ ಮೇಲೆ ಊಟಕ್ಕೆ ಕೂತಾಗಲೂ ನನ್ನ ಉಪನ್ಯಾಸ ನಡೆಯುತ್ತಿತ್ತು. ನನ್ನ ಹೆಂಡತಿ ಗಿರಿಜಾ, "ರೀ, ಮೊದ್ಲು ತಟ್ಟೆ ನೆಟ್ಟಗೆ ಹಿಡ್ಕಳ್ರಿ, ಸಾರು ಪಂಚೆಗೆ ಹೋಗ್ತತಿ" ಎಂದು ಅದನ್ನು ಮುಗಿಸುತ್ತಿದ್ದಳು.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎಂಬುದುಂಟು. ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆಯ ಜೊತೆ ಸಕ್ಕರೆ ಗೊಂಬೆಗಳನ್ನು ಒಯ್ಯುತ್ತಾರೆ. ಮರದ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ, ಕಟ್ಟಿ, ತೂತಿನಿಂದ ಪಾಕ ಸುರಿದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಒಳಗೆ ಆನೆಯೋ ತೇರೋ ಗಿಳಿಯೋ ನಿಂತಿರುತ್ತದೆ. ಗಿರಿಜಾಳ ತವರಿನಿಂದ ಬಂದ ಅಚ್ಚು ಗಿಳಿಯದು. ಮಗ ಮಂಜುವಿಗೆ ಆನವಟ್ಟಿಯ ಸುಮಾಳನ್ನು ನಿಶ್ಚಯ ಮಾಡಿದ ದಿನ ಅವಳು ಆ ಹುಡುಗಿಯ ಗಲ್ಲ ಹಿಡಿದು, "ಹುಣ್ಣಿಮೆಗೆ ನಿಂಗೆ ನಮ್ಮನೆ ಗಿಳಿ ತರ್ತೀನಿ, ನಾನೇ ತರ್ತೀನಿ" ಅಂದಿದ್ದಳು. ಆ ಹುಣ್ಣಿಮೆ ಬರುವ ಮೊದಲೇ ಗಿರಿಜಾ ಹೋಗಿಬಿಟ್ಟಳು. ಸಾಮಾನ್ಯ ಜ್ವರ ಎಂದುಕೊಂಡಿದ್ದೆವು. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು.

ಈ ಸಲ ವರ್ಷದ ಕಾರ್ಯ ಮುಗಿಸಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಗಿಳಿಯ ಒಂದು ಹೋಳು ಸರಿಯಾಗಿತ್ತು. ಇನ್ನೊಂದನ್ನು ಗೆದ್ದಲು ಕೊಕ್ಕಿನಿಂದ ಬಾಲದವರೆಗೆ ತಿಂದಿತ್ತು. ತಾಳಗುಂದದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, "ಅಂಗಡ್ಯಾಗೆ ಬೇಕಾದಷ್ಟು ಗೊಂಬಿ ಸಿಗ್ತಾವೆ, ತಗಂಬಂದ್ರಾತು" ಅಂದಳು. ಆಗುತ್ತಿರಲಿಲ್ಲ. ಗಿರಿಜಾ ತರುತ್ತೇನೆಂದು ಮಾತು ಕೊಟ್ಟದ್ದು ಅಂಗಡಿಯ ಗಿಳಿಯನ್ನಲ್ಲ.

ಉಳಿದ ಹೋಳನ್ನು ಮಿಷನ್ನಿನ ಮೇಲಿಟ್ಟರೆ ಪ್ರೋಬ್ ಎಂಬ ಕಡ್ಡಿ ಅದರ ಏರುತಗ್ಗನ್ನೆಲ್ಲ ಮುಟ್ಟಿ ಮುಟ್ಟಿ ಅಳೆದುಕೊಳ್ಳುತ್ತದೆ. ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹೊಸ ಸಾಗವಾನಿಯಲ್ಲಿ ಕೆತ್ತಿದರೆ ಜೋಡಿ ಸಿದ್ಧ. ಸುಲಭ. ಆದರೆ ಮುಟ್ಟುವಾಗ ಹೋಳು ಕೂದಲೆಳೆಯಷ್ಟೂ ಅಲುಗಬಾರದು. ಅದರ ಬೆನ್ನೋ, ಯಾವ ಕಾಲದ ಬಡಗಿ ಉಳಿಯಲ್ಲಿ ತಟ್ಟಿದ್ದೋ, ಎಲ್ಲೂ ಸಪಾಟಿಲ್ಲ. ಎಷ್ಟೋ ಹೆಂಗಸರ ಕೈ ತಾಗಿ ಮೂಲೆಗಳೆಲ್ಲ ಸವೆದಿವೆ. ವೈಸಿಗಿಟ್ಟು ಹಿಡಿಕೆ ತಿರುಗಿಸಲು ಹೋದೆ. ಒಣಗಿದ ಮರ ಸಣ್ಣಗೆ ಕಿರ್ ಅಂದಿತು. ಕೈ ತೆಗೆದೆ. ಕ್ಲ್ಯಾಂಪ್ ಹಾಕಿದರೆ ಅದು ಸರಿಯಾಗಿ ಗಿಳಿಯ ತಲೆಯ ಮೇಲೇ ಕೂರುತ್ತದೆ. ಎರಡು ಬದಿ ಅಂಟುವ ಟೇಪು ವರ್ಷವರ್ಷವೂ ಪಾಕಕ್ಕೆ ಮೊದಲು ನೀರಲ್ಲಿ ನೆನೆದ ಆ ಮರಕ್ಕೆ ಅಂಟಲೇ ಇಲ್ಲ. ಗಮ್ಮು ಹಾಕಿದರೆ ಬಿಡಿಸುವಾಗ ಚಕ್ಕೆ ಏಳುತ್ತದೆ. ಊರವರ ಕಬ್ಬಿಣವನ್ನೆಲ್ಲ ಕಣ್ಣು ಮುಚ್ಚಿ ಹಿಡಿದವನು ಅಂಗೈಯಗಲದ ಒಂದು ಮರದ ಹೋಳಿನ ಮುಂದೆ ದಿನಗಟ್ಟಲೆ ಕೂತೆ. ಮಂಜು ಬಾಗಿಲಲ್ಲಿ ನಿಂತು, "ಅಪ್ಪಾ, ಹೋಗ್ಲಿ ಬಿಡು" ಅಂದ. ಅಕ್ಕ ಮಾತ್ರ ಬಿಡಲಿಲ್ಲ. "ಹುಣ್ಣಿಮಿ ನಿನ್ ಮಿಷನ್ನಿಗೆ ಕಾಯ್ತತೇನಲೇ?"

ಕೊನೆಗೆ ದಾರಿ ತೋರಿಸಿದ್ದು ಒಂದು ಹಳೆಯ ನೆನಪು. ಒಮ್ಮೆ ಹಿತ್ತಲಲ್ಲಿ ಜಾರಿ ಗಿರಿಜಾಳ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಕೈಯನ್ನು ನನ್ನ ಮುಂದೆ ಹಿಡಿದು, "ಹಿಡಿಯೋದು ಅಂದ್ರೆ ಇದು ನೋಡ್ರಿ. ಹಿಡಿದದ್ದೇ ಗೊತ್ತಾಗಲ್ಲ" ಅಂದಿದ್ದಳು. ಆಗ ನನಗೆ ಸಿಟ್ಟು ಬಂದಿತ್ತು. ನನ್ನ ಕಸುಬಿನಲ್ಲಿ ಡಾಕ್ಟರನ್ನು ಹೊಗಳುವುದೆಂದರೇನು? ಈಗ ಹೋಗಿ ಪ್ಲಾಸ್ಟರ್ ಪುಡಿ ತಂದೆ. ಕಲಸಿ ಚೌಕಟ್ಟಿಗೆ ಸುರಿದು, ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಹೋಳನ್ನು ಮಗು ಮಲಗಿಸುವಂತೆ ಅಂಗಾತ ಮಲಗಿಸಿದೆ. ಗಟ್ಟಿಯಾದಾಗ ಅದರ ಬೆನ್ನಿನ ಒಂದೊಂದು ಉಬ್ಬಿಗೂ ಒಂದೊಂದು ತಗ್ಗು ಸಿದ್ಧವಾಗಿತ್ತು. ಒತ್ತಲಿಲ್ಲ, ಬಿಗಿಯಲಿಲ್ಲ. ಅವಳು ಅಚ್ಚು ಕಟ್ಟುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿಯನ್ನೇ ಎರಡು ತುದಿಗೆ ಸುತ್ತಿದೆ. ಹೋಳು ಅಲುಗಲಿಲ್ಲ.

ಹುಣ್ಣಿಮೆಗೆ ಅಕ್ಕ ಬಂದು ಹಳೆಯ ಹೋಳಿಗೆ ಹೊಸದನ್ನು ಕಟ್ಟಿ ಪಾಕ ಸುರಿದಳು. ಗಿಳಿ ಬಂತು. ನಾವಿಬ್ಬರೂ ಆನವಟ್ಟಿ ಬಸ್ಸು ಹತ್ತಿದೆವು. ಗುಂಡಿ ಬಂದಾಗಲೆಲ್ಲ ನಾನು ಡಬ್ಬಿಯನ್ನು ಎದೆಗೆ ಒತ್ತಿಕೊಳ್ಳುವುದು ನೋಡಿ ಕಂಡಕ್ಟರು, "ಏನ್ರೀ ಯಜಮಾನ್ರೇ, ಒಳಗೆ ಜೀವ ಐತೇನು?" ಅಂದ. ಅಕ್ಕ ಕಿಟಕಿಯ ಕಡೆ ತಿರುಗಿದಳು.

ಸುಮಾ ಗಿಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಮಾವ, ಇದು ಎರಡೂ ಕೆನ್ನೇಲಿ ಇಟ್ಕಂಡಿದೆಯಲ್ಲ?" ಅಂದಳು. ನನಗೆ ಅರ್ಥವಾಗಲಿಲ್ಲ. ಗಿರಿಜಾ ಅವಳಿಗೆ ಫೋನಿನಲ್ಲಿ ಹೇಳಿದ್ದಳಂತೆ: ಮದುವೆಯಾದ ಹೊಸದರಲ್ಲಿ ಅವಸರಕ್ಕೆ ಚಾಕು ಹಾಕಿ ಗೊಂಬೆ ಬಿಡಿಸುವಾಗ ಅಚ್ಚಿನ ಒಂದು ಹೋಳಿಗೆ ಗಾಯವಾಯಿತು, ಅಲ್ಲಿಂದ ನಮ್ಮನೆ ಗಿಳಿಗೆ ಒಂದು ಕೆನ್ನೆ ಉಬ್ಬು, ಒಂದೇ ಕಡೆ ಎಲೆ ಅಡಿಕೆ ಇಟ್ಟುಕೊಂಡ ಹಾಗೆ. ಪ್ರೋಬಿಗೆ ಗಾಯ ಯಾವುದು ಕೆತ್ತನೆ ಯಾವುದು ಎಂದು ಗೊತ್ತಾಗುತ್ತದೆಯೇ? ಅದನ್ನೂ ಮುಟ್ಟಿ, ಅಳೆದು, ಇನ್ನೊಂದು ಕೆನ್ನೆಗೂ ಕೊಟ್ಟಿತ್ತು. ಎಲ್ಲರೂ ನಕ್ಕರು. ನಗುತ್ತಿದ್ದ ಸುಮಾ ಇದ್ದಕ್ಕಿದ್ದಂತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ನೀರು ಕೇಳಿದೆ. ಬರುವಾಗ ಅಚ್ಚಿನ ಜೋಡಿಯನ್ನು ಅವಳ ಕೈಗೇ ಕೊಟ್ಟೆ. ಇನ್ನು ಅದು ಅವಳದು.

ಉಳಿದದ್ದು ಆ ಪ್ಲಾಸ್ಟರಿನ ಹಾಸಿಗೆ. ಒಂದೇ ಕೆಲಸಕ್ಕೆಂದು, ವಸ್ತುವನ್ನು ಹಿಡಿಯಲು ಮಾಡಿದ ಸಾಧನಕ್ಕೆ ನಮ್ಮಲ್ಲಿ ಫಿಕ್ಸ್ಚರ್ ಅನ್ನುತ್ತೇವೆ. ಕೆಲಸ ಮುಗಿದ ಮೇಲೆ ಅದನ್ನು ಇಟ್ಟುಕೊಳ್ಳಬಾರದು, ಸುಮ್ಮನೆ ಜಾಗಕ್ಕೆ ದಂಡ ಎಂದು ಸಿಕ್ಕವರಿಗೆಲ್ಲ ಬುದ್ಧಿ ಹೇಳುತ್ತಾ ಬಂದವನು ನಾನು. ಈಗ ಅದು ನನ್ನ ರ‍್ಯಾಕಿನಲ್ಲಿ, ಕೂತರೆ ಎದುರಿಗೆ ಕಾಣುವ ಜಾಗದಲ್ಲಿದೆ. ಬೆಳಿಗ್ಗೆ ಮಿಷನ್ನಿಗಿಂತ ಮೊದಲು ಅದರ ಧೂಳು ಒರೆಸುತ್ತೇನೆ. ಆ ತಗ್ಗಿನಲ್ಲಿ ಬೇರೆ ಯಾವ ವಸ್ತುವೂ ಕೂರುವುದಿಲ್ಲ; ಕೂರಿಸಿ ನೋಡಿದ್ದೇನೆ. ಬಂದವರು, "ಇದೇನ್ರೀ, ಖಾಲಿ ಇಟ್ಟೀರಲ್ಲ?" ಎಂದು ಕೇಳುತ್ತಾರೆ.

"ಇರ್ಲಿ ಬಿಡ್ರಿ," ಅನ್ನುತ್ತೇನೆ, "ಇನ್ನೊಂದು ಆರ್ಡರ್ ಬಂದ್ರೂ ಬಂತು."